ಗಟ್ಟಿಯಾಗುವ ಮೊದಲೇ ಕಾಂಕ್ರೀಟ್ ಸರಿಯಿದೆಯಾ ಅಂತ ತಿಳಿಯುವುದು ಹೇಗೆ? ಬರೀ ಸ್ಲಂಪ್ ನೋಡಿದರೆ ಸಾಕಾ?

ಹೊಸಮನೆ_ಮಾಲೀಕ
ಎಲ್ಲರಿಗೂ ನಮಸ್ಕಾರ. ನಮ್ಮ ಮೊದಲ ಸ್ಲ್ಯಾಬ್‌ಗೆ ರೆಡಿಮಿಕ್ಸ್ (ಪ್ಲಾಂಟಿನಿಂದ ಲಾರಿಯಲ್ಲಿ ಬರುವ ಕಾಂಕ್ರೀಟ್) ತರಿಸಿದ್ದೆವು. ಎಂ25 (28 ದಿನಕ್ಕೆ 25 ಎಂಪಿಎ ಗಟ್ಟಿತನ, ಎಂಪಿಎ ಅಂದರೆ ತಡೆಯುವ ಒತ್ತಡದ ಅಳತೆ), ಸ್ಲಂಪ್ (ಕೋನ್‌ನಲ್ಲಿ ತುಂಬಿದ ಹಸಿ ಕಾಂಕ್ರೀಟ್, ಕೋನ್ ಎತ್ತಿದಾಗ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ) 100 ಮಿ.ಮೀ ಅಂತ ಆರ್ಡರ್. ಮೊದಲ ಲಾರಿಯ ಸ್ಲಂಪ್ ತೆಗೆದಾಗ 70 ಬಂತು. "ಇದು ಪಂಪ್‌ನಲ್ಲಿ ಹೋಗಲ್ಲ" ಅಂತ ಡ್ರೈವರ್ ಪೈಪ್ ಎಳೆದು ಡ್ರಮ್ಮಿಗೆ ನೀರು ಬಿಟ್ಟ. ಎಷ್ಟು ಬಿಟ್ಟ ಅಂತ ಯಾರೂ ಅಳೆಯಲಿಲ್ಲ. ಮತ್ತೆ ಸ್ಲಂಪ್ ತೆಗೆದರು, 120. "ಈಗ ಪಾಸ್" ಅಂತ ಹೇಳಿ ಸುರಿದೇ ಬಿಟ್ಟರು.

ನೀರು ಜಾಸ್ತಿಯಾದರೆ ಪಾಸ್, ಕಮ್ಮಿಯಾದರೆ ಫೇಲ್. ಇದು ಯಾವ ಪರೀಕ್ಷೆ ಅಂತ ನನಗೆ ಅರ್ಥವಾಗುತ್ತಿಲ್ಲ. ಕ್ಯೂಬ್ (ಆಮೇಲೆ ಒಡೆದು ಗಟ್ಟಿತನ ನೋಡುವ ಕಾಂಕ್ರೀಟ್ ಘನ) ಹಾಕಿದ್ದಾರೆ, ಆದರೆ ಅದರ ಫಲಿತಾಂಶ 28 ದಿನಕ್ಕೆ. ಅಷ್ಟರಲ್ಲಿ ಮೇಲೆ ಗೋಡೆ ಎದ್ದಿರುತ್ತದೆ. ಮುಂದಿನ ಸ್ಲ್ಯಾಬ್ ಹಾಕುವ ಮೊದಲು ತಿಳಿದವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ. ಹಸಿ ಕಾಂಕ್ರೀಟ್ ಲಾರಿಯಲ್ಲಿ ಇರುವಾಗಲೇ, ಸುರಿಯುವ ಮೊದಲೇ, ಅದರ ಗುಣಮಟ್ಟ ಹೇಳುವ ಪರೀಕ್ಷೆ ಏನೇನಿದೆ?

ಸೈಟ್_ಎಂಜಿನಿಯರ್_ಹಳಬ
ನೀವು ಕೇಳಿದ್ದು ಸರಿಯಾದ ಪ್ರಶ್ನೆ ಸರ್. ಒಂದು ಮಾತು ಮೊದಲೇ ಹೇಳುತ್ತೇನೆ. ಸ್ಲಂಪ್ ಗಟ್ಟಿತನದ ಪರೀಕ್ಷೆ ಅಲ್ಲ. ಕಾಂಕ್ರೀಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದರ ಪರೀಕ್ಷೆ, ಅಷ್ಟೇ. ಆದರೆ ನೀರು ಸೇರಿಸುವ ಮೊದಲು ತೆಗೆದ ಸ್ಲಂಪ್ ಬಹಳ ವಿಷಯ ಹೇಳುತ್ತದೆ, ನೀರು ಸೇರಿಸಿದ ಮೇಲೆ ತೆಗೆದದ್ದು ಬಹಳ ಕಮ್ಮಿ ಹೇಳುತ್ತದೆ. ನಿಮ್ಮಲ್ಲಿ ಎರಡನ್ನೂ ತೆಗೆದಿದ್ದಾರೆ, ಅದೇ ದೊಡ್ಡ ವಿಷಯ. ಆ 70 ಅನ್ನುವ ಅಂಕಿ ಚಲನ್ ಮೇಲೆ ಬರೆದಿದ್ದಾರಾ?

ಹೊಸಮನೆ_ಮಾಲೀಕ
ಇಲ್ಲ. 120 ಮಾತ್ರ ಬರೆದಿದ್ದಾರೆ.

ಸೈಟ್_ಎಂಜಿನಿಯರ್_ಹಳಬ
ಹಾಗೇ ಅಂದುಕೊಂಡೆ. ಮುಂದಿನ ಸಲ ಎರಡೂ ಅಂಕಿ, ಎರಡಕ್ಕೂ ಟೈಮ್, ಸೇರಿಸಿದ ನೀರಿನ ಲೀಟರ್. ಇಷ್ಟು ಬರೆಸದೆ ಸಹಿ ಹಾಕಬೇಡಿ.

ಬ್ಯಾಚಿಂಗ್_ಪ್ಲಾಂಟ್
ಪ್ಲಾಂಟ್ ಕಡೆಯಿಂದ ಎರಡು ಮಾತು. ಸೈಟಿನಲ್ಲಿ ನೀರು ಸೇರಿಸಿದ ತಕ್ಷಣ ಮೋಸ ಅಂತ ಹೇಳುವುದು ತಪ್ಪು. ಬ್ಯಾಚ್ ಮಾಡುವಾಗ (ಸಾಮಾನು ತೂಗಿ ಕಲಸುವಾಗ) ಡಿಸೈನ್ ನೀರಿನಲ್ಲಿ ಸ್ವಲ್ಪ ಹಿಡಿದಿಟ್ಟುಕೊಂಡು, ಅಷ್ಟನ್ನು ಸೈಟಿನಲ್ಲಿ ಸೇರಿಸುವ ಕ್ರಮ ಇದೆ. ಅಮೆರಿಕದ ರೆಡಿಮಿಕ್ಸ್ ಮಾನದಂಡ ಎಎಸ್‌ಟಿಎಂ ಸಿ94 ಇದನ್ನು ಒಪ್ಪುತ್ತದೆ. ಸ್ಲಂಪ್ ಹೇಳಿದ್ದಕ್ಕಿಂತ ಕಮ್ಮಿ ಇರಬೇಕು, ನೀರು-ಸಿಮೆಂಟ್ ಅನುಪಾತ (ನೀರಿನ ತೂಕ ಭಾಗಿಸು ಸಿಮೆಂಟಿನ ತೂಕ) ಮಿತಿ ಮೀರಬಾರದು, ಸೇರಿಸಿದ ಮೇಲೆ ಡ್ರಮ್ಮನ್ನು ಮಿಕ್ಸಿಂಗ್ ವೇಗದಲ್ಲಿ ಕನಿಷ್ಠ 30 ಸುತ್ತು ತಿರುಗಿಸಬೇಕು. ಪೈಪ್ ಹಿಡಿದು ಅಂದಾಜಿನಲ್ಲಿ ಬಿಡುವುದು ಮಾತ್ರ ಖಂಡಿತ ತಪ್ಪು, ಅದನ್ನು ನಾನೂ ಒಪ್ಪುತ್ತೇನೆ.

ಸೈಟ್_ಎಂಜಿನಿಯರ್_ಹಳಬ
ಹಿಡಿದಿಟ್ಟ ನೀರು ಎಷ್ಟು ಅಂತ ಚಲನ್ ಮೇಲೆ ಬರೆದು ಕಳಿಸುವ ಪ್ಲಾಂಟ್ ಎಷ್ಟಿದೆ ಹೇಳಿ. ಬರೆದಿದ್ದರೆ ಸೇರಿಸಿ, ಯಾರು ಬೇಡ ಅಂದರು? ಬರೆದಿಲ್ಲದಿದ್ದರೆ ಎಲ್ಲಾ ನೀರೂ ಆಗಲೇ ಬಿದ್ದಿದೆ ಅಂತಲೇ ಲೆಕ್ಕ.

ಬ್ಯಾಚಿಂಗ್_ಪ್ಲಾಂಟ್
ಅದು ನ್ಯಾಯವಾದ ಮಾತು.

ಸ್ಟ್ರಕ್ಚರಲ್_ಡಿಸೈನರ್
ಮಾಲೀಕರೇ, ಮೊದಲು ನಿಮ್ಮ ಗಾಬರಿಗೆ ಒಂದು ಲೆಕ್ಕ ಕೊಡುತ್ತೇನೆ. ಸಾಮಾನ್ಯ ಮಿಕ್ಸ್‌ನಲ್ಲಿ ಒಂದು ಘನ ಮೀಟರ್‌ಗೆ 5 ಲೀಟರ್ ನೀರು ಹೆಚ್ಚಿದರೆ ಸ್ಲಂಪ್ ಸುಮಾರು 25 ಮಿ.ಮೀ ಏರುತ್ತದೆ. ಗಟ್ಟಿತನ ಸುಮಾರು 1.4 ಎಂಪಿಎ ಇಳಿಯುತ್ತದೆ. ಇದು ರೂಢಿಯಲ್ಲಿರುವ ಅಂದಾಜು, ಮಿಕ್ಸ್‌ನಿಂದ ಮಿಕ್ಸ್‌ಗೆ ಬದಲಾಗುತ್ತದೆ. ನಿಮ್ಮದು 70ರಿಂದ 120ಕ್ಕೆ ಹೋಗಿದೆ. ಅಂದರೆ ಘನ ಮೀಟರ್‌ಗೆ ಸುಮಾರು 10 ಲೀಟರ್. ಲಾರಿಯಲ್ಲಿ 6 ಘನ ಮೀಟರ್ ಇತ್ತು ಅಂದರೆ 60 ಲೀಟರ್. ಗಟ್ಟಿತನ ಹತ್ತಿರ ಹತ್ತಿರ 3 ಎಂಪಿಎ ಇಳಿದಿರಬಹುದು.

ಎಂ25 ಅಂದರೆ ಸರಾಸರಿ 25 ಬರುವ ಹಾಗೆ ಮಿಕ್ಸ್ ಮಾಡುವುದಿಲ್ಲ. ಮಿಕ್ಸ್ ಡಿಸೈನಿನ ಭಾರತೀಯ ಮಾನದಂಡ ಐಎಸ್ 10262 ಪ್ರಕಾರ ಗುರಿ 25 + 1.65 × 4 (ಈ 4 ಫಲಿತಾಂಶದ ಏರುಪೇರಿನ ಅಳತೆ), ಅಂದರೆ 31.6 ಎಂಪಿಎ. ಅದರಲ್ಲಿ 3 ಕಳೆದರೂ 28ರ ಮೇಲಿದೆ. ಹಾಗಾಗಿ ನಿಮ್ಮ ಸ್ಲ್ಯಾಬ್ ಬೀಳುತ್ತದೆ ಅನ್ನುವ ಭಯ ಬೇಡ. ಆದರೆ ಆ ಅಂತರ ಇರುವುದು ಮರಳು, ಸಿಮೆಂಟ್, ತೂಕದ ಏರುಪೇರಿಗೆ. ಡ್ರೈವರ್ ಪೈಪಿಗೆ ಅಂತ ಯಾರೂ ಇಟ್ಟಿಲ್ಲ.

ಹೊಸಮನೆ_ಮಾಲೀಕ
ತುಂಬಾ ಧನ್ಯವಾದ ಸರ್. ಸ್ವಲ್ಪ ಉಸಿರು ಬಂತು.

ಲ್ಯಾಬ್_ಕೆಲಸ
ಡಿಸೈನರ್ ಸರ್ ಲೆಕ್ಕಕ್ಕೆ ಒಂದು ತಿದ್ದುಪಡಿ. ಆ ಅಂದಾಜು ಅಡ್‌ಮಿಕ್ಸ್ಚರ್ (ಗುಣ ಬದಲಿಸಲು ಹಾಕುವ ರಾಸಾಯನಿಕ) ಇಲ್ಲದ ಕಾಂಕ್ರೀಟಿಗೆ. ಈಗ ಬರುವ ರೆಡಿಮಿಕ್ಸ್‌ನಲ್ಲಿ ಹೆಚ್ಚಿನದಕ್ಕೆ ನೀರು ಹೆಚ್ಚಿಸದೆ ಹರಿಯುವ ಹಾಗೆ ಮಾಡುವ ಸೂಪರ್ ಪ್ಲಾಸ್ಟಿಸೈಸರ್ ಬಿದ್ದಿರುತ್ತದೆ. ಅದರಲ್ಲೂ ಪಿಸಿಇ (ಪಾಲಿಕಾರ್ಬಾಕ್ಸಿಲೇಟ್ ಈಥರ್) ಮಾದರಿಯದ್ದು ಇದ್ದರೆ ಅದೇ ನೀರಿನಲ್ಲಿ ಸ್ಲಂಪ್ 50 ಇರುವುದು 180 ಆಗಬಹುದು. ಅಂಥ ಕಡೆ ಸ್ಲಂಪ್ ನೋಡಿ ನೀರು ಹೇಳಲು ಹೋಗಬಾರದು. 180 ಸ್ಲಂಪ್‌ನ ಎಂ40 ಒಳ್ಳೆಯದಿರಬಹುದು, 80 ಸ್ಲಂಪ್‌ನ ಎಂ25 ಕೆಟ್ಟದ್ದಿರಬಹುದು. ನನ್ನ ಪ್ರಕಾರ ಸ್ಲಂಪ್‌ಗೆ ಈಗ ಜಾಸ್ತಿ ಬೆಲೆ ಕೊಡುತ್ತಿದ್ದೇವೆ.

ಸೈಟ್_ಎಂಜಿನಿಯರ್_ಹಳಬ
ಇಲ್ಲಿ ನಾನು ಒಪ್ಪುವುದಿಲ್ಲ. ಒಂದೇ ಲಾರಿಯ ಸ್ಲಂಪ್ ನೋಡಿ ತೀರ್ಪು ಕೊಟ್ಟರೆ ನೀವು ಹೇಳಿದ್ದು ಸರಿ. ಸ್ಲಂಪ್‌ನ ನಿಜವಾದ ಉಪಯೋಗ ಲಾರಿಯಿಂದ ಲಾರಿಗೆ ಹೋಲಿಸುವುದರಲ್ಲಿ. ಒಂದೇ ಮಿಕ್ಸ್, ಒಂದೇ ಪ್ಲಾಂಟ್, ಒಂದೇ ದೂರ. ಮೊದಲ ಮೂರು ಲಾರಿ 110, 115, 105. ನಾಲ್ಕನೆಯದು 165. ಏನೋ ಬದಲಾಗಿದೆ ಅಂತ ಗೊತ್ತಾಯಿತಲ್ವಾ? ಡ್ರಮ್ಮಿನಲ್ಲಿ ತೊಳೆದ ನೀರು ಉಳಿದಿರಬಹುದು, ಮರಳು ಒದ್ದೆ ಇರಬಹುದು, ಅಡ್‌ಮಿಕ್ಸ್ಚರ್ ಎರಡು ಸಲ ಬಿದ್ದಿರಬಹುದು. ಯಾವುದು ಅಂತ ಸ್ಲಂಪ್ ಹೇಳಲ್ಲ. ನಿಲ್ಲಿಸಿ ಕೇಳು ಅಂತ ಹೇಳುತ್ತದೆ. ಎರಡು ನಿಮಿಷದಲ್ಲಿ ಅಷ್ಟು ಹೇಳುವ ಬೇರೆ ಪರೀಕ್ಷೆ ತೋರಿಸಿ.

ಬ್ಯಾಚಿಂಗ್_ಪ್ಲಾಂಟ್
ಮರಳಿನ ವಿಷಯ ಸರಿಯಾಗಿ ಹೇಳಿದಿರಿ. ಒಂದು ಘನ ಮೀಟರ್‌ಗೆ 700 ಕೆ.ಜಿ ಮರಳು ಅಂದರೆ ಅದರ ತೇವ ಶೇ 5 ಜಾಸ್ತಿಯಾದರೆ 35 ಲೀಟರ್ ನೀರು ಲೆಕ್ಕಕ್ಕೆ ಸಿಗದೆ ಒಳಗೆ ಬಂತು. ಸೈಟಿನಲ್ಲಿ ಡ್ರೈವರ್ ಬಿಡುವುದಕ್ಕಿಂತ ಜಾಸ್ತಿ ಇದು. ಮಳೆ ಬಿದ್ದ ಮಾರನೇ ದಿನ ಮರಳಿನ ತೇವ ಅಳೆಯದೆ ಬ್ಯಾಚ್ ಹಾಕುವುದು ದೊಡ್ಡ ತಪ್ಪು.

ಸಿವಿಲ್_ವಿದ್ಯಾರ್ಥಿನಿ
ಒಂದು ಸಂಶಯ. ಸ್ಲಂಪ್ ಕೋನ್ ನಾಲ್ಕು ಪದರದಲ್ಲಿ ತುಂಬಬೇಕು ಅಂತ ನಮಗೆ ಪಾಠ ಆಗಿದೆ. ಸೈಟಿಗೆ ಹೋದಾಗ ಮೂರೇ ಪದರ ಹಾಕಿದರು. ಯಾರು ಸರಿ?

ಲ್ಯಾಬ್_ಕೆಲಸ
ಇಬ್ಬರೂ ಅವರವರ ಪುಸ್ತಕದ ಪ್ರಕಾರ ಸರಿ. 1959ರ ಹಳೆಯ ಐಎಸ್ 1199ರಲ್ಲಿ ನಾಲ್ಕು ಪದರ. 2018ರಲ್ಲಿ ಅದು ಭಾಗ ಭಾಗವಾಗಿ ಹೊಸದಾಗಿ ಬಂತು. ಅದರ 2ನೇ ಭಾಗದಲ್ಲಿ ಮೂರು ಪದರ. ಅಮೆರಿಕ, ಯುರೋಪಿನದ್ದೂ ಮೂರೇ. ಪ್ರತಿ ಪದರಕ್ಕೆ 25 ಸಲ ಕುಟ್ಟಬೇಕು, ಅದು ಎಲ್ಲಾ ಕಡೆ ಒಂದೇ. ಅಮೆರಿಕದವರು ಮೂರು ಪದರವೂ ಸಮ ಗಾತ್ರ ಇರಬೇಕು ಅನ್ನುತ್ತಾರೆ. ಕೋನ್ ಕೆಳಗೆ ಅಗಲ ಇರುವುದರಿಂದ ಮೊದಲ ಪದರ 70 ಮಿ.ಮೀ ಎತ್ತರಕ್ಕೇ ನಿಲ್ಲುತ್ತದೆ.

ಸಿವಿಲ್_ವಿದ್ಯಾರ್ಥಿನಿ
ಅಳೆಯುವುದು ಎಲ್ಲಿಂದ? ಕುಸಿದ ಗುಡ್ಡೆಯ ತುದಿಯಿಂದಾ, ನಡುವಿನಿಂದಾ?

ಲ್ಯಾಬ್_ಕೆಲಸ
ಭಾರತ, ಯುರೋಪಿನಲ್ಲಿ ಗುಡ್ಡೆಯ ಅತಿ ಎತ್ತರದ ಬಿಂದುವಿಗೆ ಅಳೆಯುತ್ತಾರೆ. ಅಮೆರಿಕದ ಸ್ಲಂಪ್ ಮಾನದಂಡ ಸಿ143ರಲ್ಲಿ ಮೇಲ್ಭಾಗದ ಮೂಲ ನಡುಬಿಂದು ಎಲ್ಲಿಗೆ ಸರಿದಿದೆಯೋ ಅಲ್ಲಿಗೆ. ಗುಡ್ಡೆ ವಾಲಿದ್ದರೆ ಎರಡರ ಉತ್ತರ ಬೇರೆ ಬರುತ್ತದೆ. ವರದಿಯಲ್ಲಿ ಯಾವ ಕ್ರಮ ಅಂತ ಬರೆಯಬೇಕು.

ಗಾರೆ_ಮೇಸ್ತ್ರಿ
ಪುಸ್ತಕ ಏನೇ ಹೇಳಲಿ, ಕೋನ್ ಎತ್ತುವವನ ಕೈ ನೋಡಬೇಕು. ಬೇಕಂತಲೇ ಅಲ್ಲಾಡಿಸಿ ಎತ್ತಿ ಸ್ಲಂಪ್ ಏರಿಸುವವರನ್ನು ನೋಡಿದ್ದೇನೆ. ಒದ್ದೆ ಮಣ್ಣಿನ ಮೇಲೆ, ಪ್ಲೈವುಡ್ ತುಂಡಿನ ಮೇಲೆ ಇಟ್ಟು ತೆಗೆಯುತ್ತಾರೆ. ಅದು ಲೆಕ್ಕಕ್ಕೆ ಬರಲ್ಲ.

ಸೈಟ್_ಎಂಜಿನಿಯರ್_ಹಳಬ
ಮೇಸ್ತ್ರಿ ಮಾತಿಗೆ ನೂರಕ್ಕೆ ನೂರು. ಮಾಲೀಕರೇ, ಇದನ್ನು ನೀವೇ ನಿಂತು ನೋಡಿ.

ಕೋನ್ 300 ಮಿ.ಮೀ ಎತ್ತರ, ಕೆಳಗೆ 200, ಮೇಲೆ 100 ವ್ಯಾಸ. ಕುಟ್ಟುವ ಸರಳು 16 ಮಿ.ಮೀ ದಪ್ಪ, ತುದಿ ಗುಂಡಗಿರಬೇಕು. ಕತ್ತರಿಸಿದ ಕಂಬಿ ತುಂಡು ತಂದರೆ ವಾಪಸ್ ಕಳಿಸಿ. ಅಡಿಗೆ ಮಟ್ಟಸವಾದ ಕಬ್ಬಿಣದ ತಟ್ಟೆ. ಕೋನ್ ಒಳಗೆ ಒದ್ದೆ ಇರಬೇಕು, ನೀರು ನಿಂತಿರಬಾರದು. ತುಂಬುವಾಗ ಒಬ್ಬರು ಎರಡೂ ಕಾಲು ಕೋನಿನ ಬುಡದ ಪಟ್ಟಿಯ ಮೇಲೆ ಊರಿ ನಿಂತಿರಬೇಕು. ಮೇಲಿನ ಪದರ ಕುಟ್ಟುವಾಗ ಸರಳು ಕೆಳಗಿನ ಪದರಕ್ಕೆ ಸ್ವಲ್ಪ ಇಳಿಯಬೇಕು. ಆಮೇಲೆ ಅಡಿಯಲ್ಲಿ ಬಿದ್ದ ಕಾಂಕ್ರೀಟ್ ಬಳಿದು ತೆಗೆದು, ಕೋನನ್ನು ನೇರವಾಗಿ, ತಿರುಚದೆ, ಸುಮಾರು 5 ಸೆಕೆಂಡಿನಲ್ಲಿ ಎತ್ತಬೇಕು. ತುಂಬಲು ಶುರು ಮಾಡಿದಾಗಿನಿಂದ ಎತ್ತುವವರೆಗೆ ಎರಡೂವರೆ ನಿಮಿಷ ಮೀರಬಾರದು.

ಅಳೆದ ಮೇಲೆ ಕೆಲಸ ಮುಗಿಯಿತು ಅಂತ ಹೋಗಬೇಡಿ. ತಟ್ಟೆಯ ಅಂಚಿಗೆ ಸರಳಿನಿಂದ ಮೆಲ್ಲಗೆ ತಟ್ಟಿ ಗುಡ್ಡೆಯನ್ನು ನೋಡಿ. ಒಳ್ಳೆಯ ಮಿಕ್ಸ್ ಒಟ್ಟಾಗಿಯೇ ಇದ್ದು ನಿಧಾನಕ್ಕೆ ಅಗಲವಾಗುತ್ತದೆ. ಒರಟು ಮಿಕ್ಸ್ ಒಂದು ಬದಿ ಒಡೆದು ಜಲ್ಲಿ ಉದುರುತ್ತದೆ. ನೀರು ಜಾಸ್ತಿಯಾದದ್ದರಲ್ಲಿ ಬುಡದ ಸುತ್ತ ಸಿಮೆಂಟ್ ಹಾಲು ಬೇರೆಯಾಗಿ ಹರಿದು, ಜಲ್ಲಿ ನಡುವೆ ಗುಪ್ಪೆಯಾಗಿ ಉಳಿಯುತ್ತದೆ. ಒಳ್ಳೆಯ ಮಿಕ್ಸ್, ನೀರು ಜಾಸ್ತಿಯಾದ ಮಿಕ್ಸ್ ಎರಡೂ 120 ಸ್ಲಂಪೇ ತೋರಿಸಿರಬಹುದು. ಆದರೆ ಎರಡೂ ಒಂದೇ ಕಾಂಕ್ರೀಟ್ ಅಲ್ಲ.

ಪಂಪ್_ಆಪರೇಟರ್
ಸ್ಯಾಂಪಲ್ ಎಲ್ಲಿಂದ ತೆಗೆಯುತ್ತೀರಿ ಅಂತ ಯಾರೂ ಹೇಳಲಿಲ್ಲ. ಚ್ಯೂಟ್‌ನಿಂದ (ಲಾರಿಯಿಂದ ಸುರಿಯುವ ದೋಣಿ) ಮೊದಲು ಬೀಳುವುದು ಬರೀ ಜಲ್ಲಿ ಜಾಸ್ತಿ ಇರುವ ಮಾಲು. ಕೊನೆಯದ್ದೂ ಹಾಗೇ. ನಡುವಿನ ಭಾಗದಿಂದ ಎರಡು ಮೂರು ಸಲ ತೆಗೆದು, ಒದ್ದೆ ಮಾಡಿದ ಟ್ರೇನಲ್ಲಿ ಸಲಿಕೆಯಿಂದ ಕಲಸಿ, ಆಮೇಲೆ ಕೋನ್ ತುಂಬಬೇಕು. ಬಿಸಿಲಿಗೆ, ಗಾಳಿಗೆ ಬಿಡಬಾರದು, ಮುಚ್ಚಬೇಕು.

ಪಂಪ್ ಹಾಪರ್‌ನಲ್ಲಿ (ಲಾರಿ ಸುರಿಯುವ ತೊಟ್ಟಿ) ತೆಗೆದದ್ದಕ್ಕೂ ಪೈಪಿನ ತುದಿಯಲ್ಲಿ ತೆಗೆದದ್ದಕ್ಕೂ ವ್ಯತ್ಯಾಸ ಇರುತ್ತದೆ. ಒತ್ತಡ, ಬಿಸಿ, ಉದ್ದದ ಲೈನ್, ಎಲ್ಲಾ ಸೇರಿ ಸ್ಲಂಪ್ ಇಳಿಯುತ್ತದೆ. ಲಾರಿಯಲ್ಲಿ 120 ಇದ್ದದ್ದು ತುದಿಯಲ್ಲಿ 95 ಬಂದರೆ ನಮ್ಮನ್ನು ಬೈಯಬೇಡಿ.

ಇನ್ನೊಂದು. ಪಂಪ್ ಶುರು ಮಾಡುವ ಮೊದಲು ಪೈಪ್ ಒಳಗೆ ಜಾರಲಿ ಅಂತ ಸಿಮೆಂಟ್ ಸ್ಲರಿ ಬಿಡುತ್ತೇವೆ. ಅದು ಸ್ಲ್ಯಾಬಿನೊಳಗೆ ಬೀಳಬಾರದು. ಹೊರಗೆ ತೆಗೆಸಿ.

ಮಹಡಿ_ಮೇಲೆ_ಮಹಡಿ
ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿದರೆ ಗೊತ್ತಾಗುತ್ತದೆ ಅಂತಾರಲ್ಲ, ಅದು?

ಗಾರೆ_ಮೇಸ್ತ್ರಿ
ಅದು ಸೈಟಿನಲ್ಲಿ ಕಲಸುವ ಗಟ್ಟಿ ಮಾಲಿಗೆ. ಪಂಪ್ ಮಾಲಿನಲ್ಲಿ ಉಂಡೆಯೇ ನಿಲ್ಲಲ್ಲ. ಮತ್ತೆ ಬರಿಗೈಯಲ್ಲಿ ಹಿಡಿಯಬೇಡಿ, ಸಿಮೆಂಟ್ ಚರ್ಮ ಸುಡುತ್ತದೆ. ಗ್ಲೌಸ್ ಹಾಕಿ.

ಲ್ಯಾಬ್_ಕೆಲಸ
ಮಾಲೀಕರ ಮೂಲ ಪ್ರಶ್ನೆಗೆ ಬರುತ್ತೇನೆ. ಗುಣಮಟ್ಟದ ಬಗ್ಗೆ ಸ್ಲಂಪ್‌ಗಿಂತ ಜಾಸ್ತಿ ಹೇಳುವ ಒಂದು ಪರೀಕ್ಷೆ ಇದೆ, ಯಾರೂ ಮಾಡಲ್ಲ. ಹಸಿ ಕಾಂಕ್ರೀಟಿನ ಸಾಂದ್ರತೆ. ಬೇಕಾದದ್ದು ಒಂದು ಗಟ್ಟಿ ಕಬ್ಬಿಣದ ಪಾತ್ರೆ, ಒಂದು ಒಳ್ಳೆಯ ತಕ್ಕಡಿ. 20 ಮಿ.ಮೀ ಜಲ್ಲಿಗೆ 7 ಲೀಟರ್‌ನದ್ದು ಸಾಕು. ಮನೆಯ ಪ್ಲಾಸ್ಟಿಕ್ ಬಕೆಟ್ ಬೇಡ, ಅದು ಉಬ್ಬುತ್ತದೆ, ಗಾತ್ರ ಬದಲಾಗುತ್ತದೆ. ಪಾತ್ರೆಗೆ ನೀರು ತುಂಬಿ ತೂಗಿ ನಿಜವಾದ ಗಾತ್ರ ಮೊದಲೇ ತಿಳಿದಿಟ್ಟುಕೊಳ್ಳಬೇಕು. ಆಮೇಲೆ ಕಾಂಕ್ರೀಟನ್ನು ಪದರ ಪದರವಾಗಿ ತುಂಬಿ ಕುಟ್ಟಿ, ಪಕ್ಕಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಮೇಲೆ ಮಟ್ಟಸ ಮಾಡಿ ತೂಗಿ.

ಉದಾಹರಣೆಗೆ, ಚಲನ್ ಪ್ರಕಾರ ಒಂದು ಘನ ಮೀಟರ್‌ಗೆ ಹಾಕಿದ ಸಿಮೆಂಟ್, ಮರಳು, ಜಲ್ಲಿ, ನೀರು ಎಲ್ಲಾ ಸೇರಿ 2400 ಕೆ.ಜಿ. ನೀವು ತೂಗಿದಾಗ 2330 ಬಂತು. 2400 ಭಾಗಿಸು 2330, ಅಂದರೆ 1.03. ಒಂದು ಘನ ಮೀಟರ್‌ನ ಸಾಮಾನು 1.03 ಘನ ಮೀಟರ್ ಆಗಿ ಹರಡಿದೆ. 350 ಕೆ.ಜಿ ಸಿಮೆಂಟ್ ಇರಬೇಕಾದ ಕಡೆ 340 ಮಾತ್ರ ಇದೆ. ಒಳಗೆ ಜಾಸ್ತಿ ಸೇರಿದ್ದು ನೀರೋ ಗಾಳಿಯೋ ಎರಡರಲ್ಲಿ ಒಂದು. ಎರಡೂ ಗಟ್ಟಿತನಕ್ಕೆ ಹೊಡೆತ.

ಬ್ಯಾಚಿಂಗ್_ಪ್ಲಾಂಟ್
ಇದರಲ್ಲಿ ನಮಗೂ ಉಪಯೋಗ ಇದೆ. "ಮಾಲು ಕಮ್ಮಿ ಬಂತು" ಅಂತ ಜಗಳ ಬರುವುದು ಇದೇ ವಿಷಯಕ್ಕೆ. ಲಾರಿಯ ತುಂಬಿದ ತೂಕ, ಖಾಲಿ ತೂಕ, ಸಾಂದ್ರತೆ. ಮೂರು ಇದ್ದರೆ ಎಷ್ಟು ಘನ ಮೀಟರ್ ಬಂತು ಅಂತ ಲೆಕ್ಕ ನೇರ. ಸೆಂಟ್ರಿಂಗ್ ಬಗ್ಗಿ ಸ್ಲ್ಯಾಬ್ ದಪ್ಪವಾಗಿದ್ದರೂ ಮಾಲು ಸಾಲದೆ ಬರುತ್ತದೆ, ಅದನ್ನು ಯಾರೂ ನೋಡಲ್ಲ.

ಸ್ಟ್ರಕ್ಚರಲ್_ಡಿಸೈನರ್
ಲ್ಯಾಬ್ ಅವರೇ, ಸಾಂದ್ರತೆ ಒಳ್ಳೆಯ ಸಲಹೆ. ಆದರೆ 2400 ಇರಬೇಕಾದದ್ದು 2390 ಬಂದರೆ ಏನು ಮಾಡುತ್ತೀರಿ? ತಕ್ಕಡಿಯ ತಪ್ಪು, ಕುಟ್ಟಿದ್ದರ ತಪ್ಪು, ಮೇಲೆ ಮಟ್ಟಸ ಮಾಡಿದ್ದರ ತಪ್ಪು, ಎಲ್ಲಾ ಅದರೊಳಗೇ ಅಡಗಿರುತ್ತದೆ. ಅಭ್ಯಾಸ ಇಲ್ಲದವರ ಕೈಯಲ್ಲಿ ಜಗಳಕ್ಕೆ ದಾರಿ.

ಲ್ಯಾಬ್_ಕೆಲಸ
10 ಕೆ.ಜಿ ವ್ಯತ್ಯಾಸಕ್ಕೆ ಜಗಳ ಮಾಡಿ ಅಂತ ನಾನು ಹೇಳಿಲ್ಲ ಸರ್. 60-70 ಕೆ.ಜಿ ಬಿದ್ದರೆ ಗಾಳಿ ಅಳೆಯುವ ಮೀಟರ್ ತರಿಸಿ. ಪ್ರೆಷರ್ ಮೀಟರ್‌ನಲ್ಲಿ ಐದು ಹತ್ತು ನಿಮಿಷದ ಕೆಲಸ. ಗಾಳಿ ಶೇ 2 ಇದ್ದು ತೂಕ ಕಮ್ಮಿ ಇದ್ದರೆ ನೀರಿನ ಕಡೆ ನೋಡಿ. ಗಾಳಿಯೇ ಶೇ 6 ಇದ್ದರೆ ಅಡ್‌ಮಿಕ್ಸ್ಚರ್ ಕಡೆ ನೋಡಿ. ಶೇ 1 ಗಾಳಿ ಜಾಸ್ತಿಯಾದರೆ ಗಟ್ಟಿತನ ಸುಮಾರು ಶೇ 5 ಇಳಿಯುತ್ತದೆ. ಹಿಮ ಬೀಳುವ ಕಡೆ ಬೇಕಂತಲೇ ಸಣ್ಣ ಗುಳ್ಳೆಗಳನ್ನು ಸೇರಿಸುತ್ತಾರೆ, ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಕಾಂಕ್ರೀಟ್ ಒಡೆಯಬಾರದು ಅಂತ. ಅದು ಬೇರೆ ಲೆಕ್ಕ.

ಸಿವಿಲ್_ವಿದ್ಯಾರ್ಥಿನಿ
ಹಗುರ ಜಲ್ಲಿ ಹಾಕಿದ ಕಾಂಕ್ರೀಟಿಗೂ ಅದೇ ಮೀಟರ್ ನಡೆಯುತ್ತದಾ?

ಲ್ಯಾಬ್_ಕೆಲಸ
ಇಲ್ಲ. ಹಗುರ ಜಲ್ಲಿಯ ಒಳಗಿನ ರಂಧ್ರದಲ್ಲೂ ಗಾಳಿ ಇರುತ್ತದೆ, ಒತ್ತಡ ಕೊಟ್ಟಾಗ ಅದೂ ಲೆಕ್ಕಕ್ಕೆ ಬಂದು ಬಿಡುತ್ತದೆ. ಅದಕ್ಕೆ ನೀರು ತುಂಬಿ ಉರುಳಿಸುವ ರೋಲ್-ಎ-ಮೀಟರ್.

ಮಹಡಿ_ಮೇಲೆ_ಮಹಡಿ
ನೇರವಾಗಿ ನೀರು ಎಷ್ಟಿದೆ ಅಂತ ಅಳೆಯಲು ಆಗಲ್ವಾ? ಇಷ್ಟೆಲ್ಲಾ ಸುತ್ತಿ ಬಳಸಿ ಯಾಕೆ?

ಲ್ಯಾಬ್_ಕೆಲಸ
ಆಗುತ್ತದೆ. ಮೈಕ್ರೋವೇವ್ ಪರೀಕ್ಷೆ ಅಂತಲೇ ಇದೆ, ಅಮೆರಿಕದ ಹೆದ್ದಾರಿ ಇಲಾಖೆಗಳು ಬಳಸುತ್ತವೆ. ಸುಮಾರು ಒಂದೂವರೆ ಕೆ.ಜಿ ಹಸಿ ಕಾಂಕ್ರೀಟನ್ನು ಗಾಜಿನ ನಾರಿನ ಬಟ್ಟೆಯಲ್ಲಿ ಸುತ್ತಿ ಮೈಕ್ರೋವೇವ್ ಒಲೆಯಲ್ಲಿ ಒಣಗಿಸುತ್ತಾರೆ. ತೂಕ ಇಳಿಯುವುದು ನಿಂತ ಮೇಲೆ ಲೆಕ್ಕ. 1500 ಗ್ರಾಂನಲ್ಲಿ 108 ಗ್ರಾಂ ಹೋಯಿತು ಅಂದರೆ ಶೇ 7.2. ಸಾಂದ್ರತೆ 2380 ಇದ್ದರೆ ಘನ ಮೀಟರ್‌ಗೆ 171 ಲೀಟರ್.

ಇಲ್ಲಿ ಬಹಳ ಜನ ಎಡವುತ್ತಾರೆ. ಆ 171ರಲ್ಲಿ ಜಲ್ಲಿ, ಮರಳು ಒಳಗೆ ಹೀರಿಕೊಂಡ ನೀರೂ ಇದೆ. 1850 ಕೆ.ಜಿ ಜಲ್ಲಿ-ಮರಳು ಶೇ 1 ಹೀರುತ್ತದೆ ಅಂದರೆ 18 ಲೀಟರ್ ಕಳೆಯಬೇಕು. ಉಳಿದದ್ದು 153. 350 ಕೆ.ಜಿ ಸಿಮೆಂಟಿಗೆ ಅನುಪಾತ 0.44. ಕಳೆಯದೆ ಲೆಕ್ಕ ಹಾಕಿದರೆ 0.49 ಬರುತ್ತದೆ, ಸುಮ್ನೆ ಒಳ್ಳೆಯ ಲಾರಿ ವಾಪಸ್ ಹೋಗುತ್ತದೆ. ಉಕ್ಕಿನ ನಾರು ಹಾಕಿದ ಕಾಂಕ್ರೀಟನ್ನು ಮಾತ್ರ ಮೈಕ್ರೋವೇವ್‌ನಲ್ಲಿ ಇಡಬೇಡಿ.

ಸೈಟ್_ಎಂಜಿನಿಯರ್_ಹಳಬ
ಒಣಗಿಸಿ ಲೆಕ್ಕ ಹಾಕುವಷ್ಟರಲ್ಲಿ ಲಾರಿ ಅರ್ಧ ಖಾಲಿಯಾಗಿರುತ್ತದೆ. ಸೇತುವೆ, ರಸ್ತೆ ಕೆಲಸಕ್ಕೆ ಸರಿ. ಮನೆ ಕಟ್ಟುವವರಿಗೆ ಇದು ಹೇಳಿ ಏನು ಪ್ರಯೋಜನ?

ಲ್ಯಾಬ್_ಕೆಲಸ
ಅವರು ಕೇಳಿದರು, ಹೇಳಿದೆ. ಅನುಮಾನ ಬಂದ ಲಾರಿಗೆ ಮಾಡಿದರೆ ಮುಂದಿನ ಲಾರಿಗಾದರೂ ಉಪಯೋಗ ಬರುತ್ತದೆ. ಎಲ್ಲಾ ಲಾರಿಗೂ ಮಾಡಿ ಅಂತ ಅಲ್ಲ.

ಸ್ಟ್ರಕ್ಚರಲ್_ಡಿಸೈನರ್
ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಅಬ್ರಾಮ್ಸ್ 1918ರಲ್ಲೇ ಹೇಳಿದ್ದು ಇದು. ಒಂದೇ ಸಾಮಾನು, ಸರಿಯಾಗಿ ಅಡಕ ಮಾಡಿದ ಕಾಂಕ್ರೀಟ್ ಆದರೆ ಗಟ್ಟಿತನ ನಿರ್ಧರಿಸುವುದು ನೀರು-ಸಿಮೆಂಟ್ ಅನುಪಾತ. 350 ಕೆ.ಜಿ ಸಿಮೆಂಟಿಗೆ 160 ಲೀಟರ್ ಇದ್ದರೆ 0.46. 20 ಲೀಟರ್ ಸೇರಿಸಿ, 0.51. ಗಟ್ಟಿತನ ಒಂದೇ ಅಲ್ಲ, ರಂಧ್ರ ಜಾಸ್ತಿಯಾಗಿ ನೀರು ಒಳಗಿಳಿಯುತ್ತದೆ, ಕಂಬಿ ಬೇಗ ತುಕ್ಕು ಹಿಡಿಯುತ್ತದೆ. ಇದು ಕ್ಯೂಬ್ ಫಲಿತಾಂಶದಲ್ಲಿ ಕಾಣುವುದಿಲ್ಲ. ಹಾಗಾಗಿ "ಕ್ಯೂಬ್ ಪಾಸ್ ಆಯಿತಲ್ಲ, ನೀರು ಹಾಕಿದರೆ ಏನು" ಅನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ.

ಹೊಸಮನೆ_ಮಾಲೀಕ
ಹಾಗಾದರೆ ಸ್ಲಂಪ್ ಕಮ್ಮಿ ಬಂದಾಗ ಏನು ಮಾಡಬೇಕು? ಲಾರಿ ವಾಪಸ್ ಕಳಿಸಲೇಬೇಕಾ? ಪಂಪ್ ನಿಂತಿರುತ್ತದೆ, ಜನ ನಿಂತಿರುತ್ತಾರೆ.

ಬ್ಯಾಚಿಂಗ್_ಪ್ಲಾಂಟ್
ವಾಪಸ್ ಬೇಡ. ನೀರಿನ ಬದಲು ಅದೇ ಮಿಕ್ಸ್‌ನ ಅಡ್‌ಮಿಕ್ಸ್ಚರನ್ನೇ ಸೈಟಿನಲ್ಲಿ ಸ್ವಲ್ಪ ಸೇರಿಸಿ ಡ್ರಮ್ ಜೋರಾಗಿ ಐದು ನಿಮಿಷ ತಿರುಗಿಸಬೇಕು. ಅನುಪಾತ ಬದಲಾಗಲ್ಲ, ಸ್ಲಂಪ್ ಏರುತ್ತದೆ. ಎಷ್ಟು ಅಂತ ಪ್ಲಾಂಟಿನ ಕ್ಯೂಸಿ (ಗುಣಮಟ್ಟ ನೋಡಿಕೊಳ್ಳುವವರು) ಹೇಳಬೇಕು, ಡ್ರೈವರ್ ಅಲ್ಲ. ಜಾಸ್ತಿ ಬಿದ್ದರೆ ಮಾಲು ಬೇರೆ ಬೇರೆಯಾಗಿ ಜಲ್ಲಿ ತಳಕ್ಕೆ ಕೂರುತ್ತದೆ, ಗಟ್ಟಿಯಾಗುವುದೂ ತಡ. ಕಾಂಕ್ರೀಟ್ ದಿನ ಕ್ಯೂಸಿ ಸೈಟಿಗೆ ಬರಲಿ ಅಂತ ಆರ್ಡರ್ ಕೊಡುವಾಗಲೇ ಹೇಳಿ.

ಪಂಪ್_ಆಪರೇಟರ್
ಇದು ಸರಿಯಾದ ದಾರಿ. ನೀರು ಹಾಕಿದ ಮಾಲು ಪಂಪ್‌ನಲ್ಲಿ ಸಲೀಸಾಗಿ ಹೋಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಮಿತಿ ದಾಟಿದರೆ ಒತ್ತಡಕ್ಕೆ ಹಾಲು ಮುಂದೆ ಓಡಿ, ಜಲ್ಲಿ ಬೆಂಡ್‌ನಲ್ಲಿ ಕಟ್ಟಿಕೊಂಡು ಲೈನ್ ಜಾಮ್ ಆಗುತ್ತದೆ.

ಸೈಟ್_ಎಂಜಿನಿಯರ್_ಹಳಬ
ಎಷ್ಟು ಹೊತ್ತಾಗಿದೆ ಅನ್ನುವುದನ್ನೂ ನೋಡಬೇಕು. ಐಎಸ್ 4926 ಪ್ರಕಾರ ತುಂಬಿದ ಹೊತ್ತಿನಿಂದ 2 ಗಂಟೆಯೊಳಗೆ ಲಾರಿ ಖಾಲಿಯಾಗಬೇಕು. ಸ್ಲಂಪ್‌ಗೆ ಅದರಲ್ಲಿ 25 ಮಿ.ಮೀ ಹೆಚ್ಚು ಕಮ್ಮಿಯ ಅವಕಾಶವೂ ಇದೆ. ನಿಮ್ಮದು 100, ಹಾಗಾಗಿ 75ರಿಂದ 125 ನಡೆಯುತ್ತದೆ. 70 ಬಂದದ್ದು ಸಣ್ಣ ವ್ಯತ್ಯಾಸ. ಒಂದೂವರೆ ಗಂಟೆ ಬಿಸಿಲಿನಲ್ಲಿ ನಿಂತು 70 ಆಗಿದ್ದರೆ ಅದು ಗಟ್ಟಿಯಾಗಲು ಹೊರಟಿದೆ ಅಂತ ಅರ್ಥ. ಅರ್ಧ ಗಂಟೆಯಲ್ಲೇ 70 ಆಗಿದ್ದರೆ ಪ್ಲಾಂಟಿನಲ್ಲೇ ಕಮ್ಮಿ ಇತ್ತು ಅಂತ. ಅದಕ್ಕೇ ಚಲನ್‌ನಲ್ಲಿ ಬ್ಯಾಚ್ ಟೈಮ್ ನೋಡದೆ ಸ್ಲಂಪ್ ಬಗ್ಗೆ ಮಾತಾಡಬಾರದು.

ಹಾಗೇ ಒಂದು ಥರ್ಮಾಮೀಟರ್ ತಂದಿಟ್ಟುಕೊಳ್ಳಿ. ಬಹಳ ಅಗ್ಗದ ಪರೀಕ್ಷೆ. ಸುತ್ತ ಕನಿಷ್ಠ 75 ಮಿ.ಮೀ ಕಾಂಕ್ರೀಟ್ ಇರುವ ಹಾಗೆ ಚುಚ್ಚಿ ಎರಡು ನಿಮಿಷ ಬಿಟ್ಟು ಓದಿ. 35 ಡಿಗ್ರಿ ದಾಟಿದರೆ ಸ್ಲಂಪ್ ಬೇಗ ಇಳಿಯುತ್ತದೆ ಅಂತ ತಿಳಿದು ಕೆಲಸದ ವೇಗ ಹೆಚ್ಚಿಸಿ.

ಮಹಡಿ_ಮೇಲೆ_ಮಹಡಿ
ನಮ್ಮಲ್ಲಿ ಸ್ಲ್ಯಾಬ್ ಹಾಕಿದ ಎರಡೇ ಗಂಟೆಗೆ ಮೇಲೆ ಸಣ್ಣ ಸಣ್ಣ ಬಿರುಕು ಬಂತು. ಅದೂ ನೀರು ಜಾಸ್ತಿಯಾಗಿಯೇ?

ಸ್ಟ್ರಕ್ಚರಲ್_ಡಿಸೈನರ್
ಇರಲಿಕ್ಕಿಲ್ಲ. ಅಷ್ಟು ಬೇಗ ಬರುವುದು ಹೆಚ್ಚಾಗಿ ಮೇಲಿನ ನೀರು ಆರಿ ಹೋಗಿದ್ದರಿಂದ. ಒಳಗಿನಿಂದ ಮೇಲೆ ಬರುವ ನೀರಿಗಿಂತ ಗಾಳಿಗೆ ಆರುವ ನೀರು ಜಾಸ್ತಿಯಾದರೆ ಮೇಲ್ಮೈ ಕುಗ್ಗಿ ಬಿರುಕು ಬಿಡುತ್ತದೆ. ಚದರ ಮೀಟರ್‌ಗೆ ಗಂಟೆಗೆ 1 ಕೆ.ಜಿ ಆರಿದರೆ ಅಪಾಯ ಅಂತ ಒಂದು ಮಿತಿ ಹೇಳುತ್ತಾರೆ. ಬಿಸಿಲಿಗಿಂತ ಒಣ ಗಾಳಿಯೇ ಕೆಟ್ಟದ್ದು. ಮಟ್ಟ ಮಾಡಿದ ತಕ್ಷಣ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಥವಾ ಮಂಜಿನ ಹಾಗೆ ನೀರು ಸಿಂಪಡಿಸಿ. ಸಂಜೆಯವರೆಗೆ ಕಾಯಬೇಡಿ.

ಗಾರೆ_ಮೇಸ್ತ್ರಿ
ಅದರ ಮೇಲೆ ಒಣ ಸಿಮೆಂಟ್ ಎರಚಿ ಉಜ್ಜಿ ಮುಚ್ಚುವವರಿದ್ದಾರೆ, ಬಿಡಬೇಡಿ. ಆಮೇಲೆ ಪದರ ಕಿತ್ತು ಬರುತ್ತದೆ.

ಸಿವಿಲ್_ವಿದ್ಯಾರ್ಥಿನಿ
ವಿಷಯ ಸ್ವಲ್ಪ ಪಕ್ಕಕ್ಕೆ. ತಾನಾಗಿ ಹರಡುವ ಎಸ್‌ಸಿಸಿಗೆ ಕೋನ್ ಹಾಕಿದರೆ ಗುಡ್ಡೆಯೇ ನಿಲ್ಲಲ್ಲ. ಆಗ?

ಲ್ಯಾಬ್_ಕೆಲಸ
ಎತ್ತರ ಬಿಟ್ಟು ಅಗಲ ಅಳೆಯಬೇಕು. ಅದನ್ನು ಸ್ಲಂಪ್ ಫ್ಲೋ ಅನ್ನುತ್ತಾರೆ. ಸಾಮಾನ್ಯವಾಗಿ 550ರಿಂದ 850 ಮಿ.ಮೀ ಒಳಗೆ ಬರುತ್ತದೆ. 500 ಮಿ.ಮೀ ಗೆರೆ ಮುಟ್ಟಲು ಎಷ್ಟು ಸೆಕೆಂಡ್ ಅಂತಲೂ ನೋಡುತ್ತಾರೆ. ಅಂಚಿನಲ್ಲಿ ಜಲ್ಲಿ ಇಲ್ಲದ ತಿಳಿ ಹಾಲಿನ ಉಂಗುರ ಕಂಡರೆ ಮಾಲು ಬೇರೆಯಾಗುತ್ತಿದೆ ಅಂತ ಅರ್ಥ. ಕಂಬಿ ಒತ್ತಾಗಿ ಇರುವ ಕಡೆ ಜೆ-ರಿಂಗ್ (ಸುತ್ತ ನಿಲ್ಲಿಸಿದ ಕಂಬಿಗಳ ನಡುವೆ ಹರಿಯುತ್ತದಾ ಅಂತ ನೋಡುವುದು) ಕೂಡ ಮಾಡಬೇಕು. ಒಣ ಮಾಲಿಗೆ, ಸ್ಲಂಪ್ ಸೊನ್ನೆ ಬರುವಂಥದ್ದಕ್ಕೆ, ವೀ-ಬೀ (ಕಂಪಿಸಿದಾಗ ಹರಡಲು ಎಷ್ಟು ಸೆಕೆಂಡ್ ಅಂತ ನೋಡುವುದು).

ಹೊಸಮನೆ_ಮಾಲೀಕ
ಎಲ್ಲರಿಗೂ ಧನ್ಯವಾದ. ಸಿಕ್ಕ ಸಲಹೆಯಲ್ಲಿ ನಾನು ಮಾಡಬಲ್ಲದ್ದು ಇಷ್ಟು ಅಂದುಕೊಂಡಿದ್ದೇನೆ. ಬ್ಯಾಚ್ ಟೈಮ್ ನೋಡುವುದು, ನೀರು ಮುಟ್ಟುವ ಮೊದಲು ಸ್ಲಂಪ್, ಥರ್ಮಾಮೀಟರ್, ಕ್ಯೂಸಿ ಬರಲೇಬೇಕು ಅಂತ ಆರ್ಡರಿನಲ್ಲಿ ಬರೆಸುವುದು, ಪೈಪ್ ಮುಟ್ಟಿದರೆ ಚಲನ್ ಮೇಲೆ ಲೀಟರ್ ಬರೆಸುವುದು. ಸಾಂದ್ರತೆಯನ್ನು ಒಂದು ಲ್ಯಾಬ್‌ನವರಿಂದ ಮಾಡಿಸುತ್ತೇನೆ. ಕ್ಯೂಬ್ ಎಷ್ಟು ತೆಗೆಸಬೇಕು? ಸ್ಲ್ಯಾಬ್ ಸುಮಾರು 14 ಘನ ಮೀಟರ್.

ಸೈಟ್_ಎಂಜಿನಿಯರ್_ಹಳಬ
ಐಎಸ್ 456 ಪ್ರಕಾರ 6ರಿಂದ 15 ಘನ ಮೀಟರ್‌ಗೆ ಎರಡು ಸ್ಯಾಂಪಲ್. ಒಂದೊಂದರಲ್ಲಿ ಮೂರು ಕ್ಯೂಬ್, 28 ದಿನಕ್ಕೆ. 7 ದಿನಕ್ಕೆ ಬೇಕಿದ್ದರೆ ಬೇರೆ ಮೂರು. 7 ದಿನಕ್ಕೆ ಸಾಧಾರಣವಾಗಿ ಮೂರನೇ ಎರಡು ಭಾಗ ಬಂದಿರುತ್ತದೆ, ಅಷ್ಟರಲ್ಲೇ ಒಂದು ಅಂದಾಜು ಸಿಗುತ್ತದೆ. ಎರಡು ಸ್ಯಾಂಪಲ್ ಬೇರೆ ಬೇರೆ ಲಾರಿಯದ್ದಾಗಿರಲಿ. ನೀರು ಸೇರಿಸಿದ ಲಾರಿ ಇದ್ದರೆ ಸೇರಿಸಿದ ಮೇಲೆ ತೆಗೆದದ್ದು ಕಡ್ಡಾಯ. ಮೊದಲೇ ತೆಗೆದ ಕ್ಯೂಬ್ ಆ ಸ್ಲ್ಯಾಬಿನದ್ದಲ್ಲ.

ಪಂಪ್_ಆಪರೇಟರ್
ಈ ಕೊನೆಯ ಸಾಲು ಎಲ್ಲರೂ ಓದಬೇಕು. ಕ್ಯೂಬ್ ತೆಗೆದ ಮೇಲೆ ನೀರು ಬಿಡುವುದೇ ಹೆಚ್ಚು.

ಲ್ಯಾಬ್_ಕೆಲಸ
ಕ್ಯೂಬ್ ವಿಷಯದಲ್ಲಿ ಇನ್ನೊಂದು. 150 ಮಿ.ಮೀ ಅಚ್ಚಿಗೆ ಮೂರು ಪದರ, ಪದರಕ್ಕೆ 35 ಕುಟ್ಟು. ಒಳಗೆ ಶೇ 5 ಖಾಲಿ ಜಾಗ ಉಳಿದರೂ ಗಟ್ಟಿತನ ಶೇ 30ರವರೆಗೆ ಇಳಿಯಬಹುದು. ಒಳ್ಳೆಯ ಕಾಂಕ್ರೀಟ್ ಫೇಲ್ ಆಗುವುದು ಹೀಗೇ. ಅಚ್ಚನ್ನು ಎಲ್ಲಿ ತುಂಬಿದಿರೋ ಅಲ್ಲೇ ಮಾರನೇ ದಿನದವರೆಗೆ ಬಿಡಿ, ಒದ್ದೆ ಗೋಣಿ ಮುಚ್ಚಿ. ಜನ ಓಡಾಡುವ, ವೈಬ್ರೇಟರ್ ಇಡುವ ಜಾಗ ಬೇಡ. ಟೆಂಪೋದಲ್ಲಿ ಹಸಿ ಅಚ್ಚನ್ನೇ ಕುಲುಕಿಸಿಕೊಂಡು ಒಯ್ಯುವುದಂತೂ ಬೇಡವೇ ಬೇಡ.

ಸಿವಿಲ್_ವಿದ್ಯಾರ್ಥಿನಿ
ಕೊನೆಯ ಪ್ರಶ್ನೆ. ಎರಡನೇ ಲಾರಿ ತಡವಾದರೆ ಮೊದಲ ಲಾರಿಯ ಮಾಲು ಇನ್ನೂ "ಹಸಿ" ಇದೆಯಾ ಅಂತ ಹೇಗೆ ತಿಳಿಯುವುದು?

ಲ್ಯಾಬ್_ಕೆಲಸ
ಲ್ಯಾಬ್ ಕ್ರಮ ಆದರೆ ಕಾಂಕ್ರೀಟನ್ನು 4.75 ಮಿ.ಮೀ ಜರಡಿಯಲ್ಲಿ ಹಿಡಿದು ಬಂದ ಗಾರೆಗೆ ಸೂಜಿ ಚುಚ್ಚುವುದು. 25 ಮಿ.ಮೀ ಇಳಿಯಲು 3.5 ಎಂಪಿಎ ಒತ್ತಡ ಬೇಕಾದರೆ ಮೊದಲ ಸೆಟ್ (ಗಟ್ಟಿಯಾಗಲು ಶುರು) ಆಯಿತು ಅಂತ. 27.6 ಆದರೆ ಕೊನೆಯ ಸೆಟ್.

ಗಾರೆ_ಮೇಸ್ತ್ರಿ
ಸೈಟಿನಲ್ಲಿ ವೈಬ್ರೇಟರ್ ಇಳಿಸಿ ನೋಡಿ. ತನ್ನ ಭಾರಕ್ಕೇ ಇಳಿದು, ಮೇಲೆ ಎತ್ತಿದಾಗ ತೂತು ತಾನಾಗಿ ಮುಚ್ಚಿಕೊಂಡರೆ ಹೊಸ ಮಾಲು ಸೇರಿಸಬಹುದು. ತೂತು ಹಾಗೇ ಉಳಿದರೆ ನಿಲ್ಲಿಸಿ. ಅಲ್ಲಿಗೆ ಜಾಯಿಂಟ್ (ಹಳೆ, ಹೊಸ ಕಾಂಕ್ರೀಟ್ ಸೇರುವ ಗೆರೆ) ಅಂತ ಎಂಜಿನಿಯರನ್ನು ಕರೆಯಿರಿ.